ಮಾತಿನ ಮದ್ದು ಮುಂಬಯಿಗೆ ಬಂದ ಬಗೆ

ದಾದರಿನ ಪಶ್ಚಿಮದ ಹೂವಿನ ಮಾರುಕಟ್ಟೆಯ ಗದ್ದಲವನ್ನು ಸೇತುವೆಯ ಆಚೆಗೇ ಬಿಟ್ಟು, ಪೂರ್ವಕ್ಕೆ ಇಳಿದು ಹಿಂದೂ ಕಾಲನಿಯ ಗಲ್ಲಿಗಳನ್ನು ಹೊಕ್ಕರೆ ಊರು ಒಮ್ಮೆಲೇ ದನಿ ತಗ್ಗಿಸುತ್ತದೆ. 1896ರ ಪ್ಲೇಗಿನ ನಂತರ, ಕಿಕ್ಕಿರಿದ ಹಳೆಯ ಪೇಟೆಯ ಜನರಿಗೆ ಗಾಳಿ ಬೆಳಕಿನ ನೆಲೆ ಬೇಕೆಂದು ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಕೈಗೊಂಡ ಯೋಜನೆಯ ಫಲ ಈ ಬೀದಿಗಳು. ಗೇಟುಗಳ ಪಕ್ಕದಲ್ಲಿ ಸಾಲು ಫಲಕಗಳು: ದಂತವೈದ್ಯರು, ಹತ್ತನೆಯ ತರಗತಿಯ ಗಣಿತದ ಕ್ಲಾಸು, ವಧೂವರರ ಮಾಹಿತಿ ಕೇಂದ್ರ. ಅವುಗಳ ನಡುವೆ, ಓದುವವರಿಗಷ್ಟೇ ಕಾಣುವಷ್ಟು ಚಿಕ್ಕದಾಗಿ, ಇನ್ನೊಂದು ಬಗೆಯ ಫಲಕ ಇತ್ತೀಚಿನ ವರ್ಷಗಳಲ್ಲಿ ಸೇರಿಕೊಂಡಿದೆ. ಹೆಸರು, ಪದವಿ, ಕೆಳಗೆ ‘ಸೈಕೋಥೆರಪಿ’ ಎಂಬ ಒಂದು ಪದ. ಅಂಥದೊಂದು ಫಲಕದ ಮನೆಯ ಎರಡನೆಯ ಮಹಡಿಯ ಕೋಣೆಗೆ ನಾನು ಪ್ರತಿ ಗುರುವಾರ ಹೋಗತೊಡಗಿ ಎರಡು ವರ್ಷ ದಾಟಿತು.

ಹೋಗಲು ಕಾರಣವಾದದ್ದು ಸಣ್ಣ ಸಂಗತಿ. ಅಪ್ಪ ತೀರಿಕೊಂಡಾಗ ಮಾಡಬೇಕಾದುದನ್ನೆಲ್ಲ ನಾನು ತಪ್ಪದೆ ಮಾಡಿದೆ; ಊರಿಗೆ ಹೋದೆ, ಹದಿಮೂರು ದಿನ ಮುಗಿಸಿದೆ, ಬ್ಯಾಂಕಿನ ಕಾಗದಪತ್ರಗಳನ್ನು ಸರಿಪಡಿಸಿದೆ, ಮರಳಿ ಬಂದು ಕೆಲಸಕ್ಕೆ ಹಾಜರಾದೆ. ಎಂಟು ತಿಂಗಳ ಮೇಲೆ ಲಿಫ್ಟಿನಲ್ಲಿ ಉಸಿರು ಕಟ್ಟತೊಡಗಿತು. ಹೃದಯ ಸರಿಯಾಗಿದೆ ಎಂದು ಪರೀಕ್ಷೆಗಳು ಹೇಳಿದವು. ಆಮೇಲೆ ಈ ಕೋಣೆ. ಅಲ್ಲಿ ಕುಳಿತು ಮಾತಾಡುತ್ತ ಮಾತಾಡುತ್ತ, ಇತಿಹಾಸದಲ್ಲಿ ಆಸಕ್ತಿಯಿರುವ ಎಲ್ಲರಿಗೂ ಬರುವ ಚಾಳಿ ನನಗೂ ಬಂತು: ಹೀಗೆ ಎದುರುಬದುರು ಕುಳಿತು ಮಾತಾಡುವುದೇ ಮದ್ದು ಎಂಬ ಈ ವಿಚಿತ್ರ ಪದ್ಧತಿ ಎಲ್ಲಿಂದ ಹೊರಟು, ಯಾರ ಕೈಹಿಡಿದು, ಯಾವ ಭಾಷೆಯಲ್ಲಿ ಈ ಊರನ್ನು ಮುಟ್ಟಿತು?

ಭಾಷೆಯ ಪ್ರಶ್ನೆಯನ್ನು ಬೇಕೆಂದೇ ಎತ್ತಿದ್ದೇನೆ. ಈ ಚಿಕಿತ್ಸೆಯ ಹುಟ್ಟಿನಲ್ಲಿಯೇ ಅದು ಇದೆ. 1880ರಿಂದ 1882ರವರೆಗೆ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ ಒಬ್ಬ ತರುಣಿಗೆ ಚಿಕಿತ್ಸೆ ನೀಡುತ್ತಿದ್ದ. ಕಾಯಿಲೆಯ ತಂದೆಯ ಆರೈಕೆ ಮಾಡುತ್ತ ಅವಳೇ ಕಾಯಿಲೆ ಬಿದ್ದಿದ್ದಳು. ಕೈ ಸ್ವಾಧೀನ ತಪ್ಪಿತ್ತು, ದೃಷ್ಟಿ ಮಂಜಾಗುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ಅವಳಿಗೆ ತಾಯ್ನುಡಿಯಾದ ಜರ್ಮನ್ ಮರೆತುಹೋಗಿ, ಬರಿಯ ಇಂಗ್ಲಿಷಿನಲ್ಲಿ ಮಾತಾಡತೊಡಗಿದ್ದಳು. ಸಂಜೆಗಳಲ್ಲಿ ಬ್ರಾಯರನ ಮುಂದೆ ತನ್ನೊಳಗಿನದನ್ನೆಲ್ಲ ಹೇಳಿಕೊಂಡಾಗ ಅವಳಿಗೆ ತುಸು ನೆಮ್ಮದಿಯಾಗುತ್ತಿತ್ತು. ಅದಕ್ಕೆ ಅವಳೇ ‘ಮಾತಿನ ಮದ್ದು’ ಎಂಬರ್ಥದ ಹೆಸರನ್ನು ಕೊಟ್ಟಳು, ಅದೂ ಇಂಗ್ಲಿಷಿನಲ್ಲಿ. ತಮಾಷೆಗೆ ‘ಚಿಮಣಿ ಗುಡಿಸುವುದು’ ಎಂದೂ ಕರೆದಳು. ಬ್ರಾಯರ್ ಮತ್ತು ಅವನ ಕಿರಿಯ ಮಿತ್ರ ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಹಿಸ್ಟೀರಿಯಾ ಕುರಿತ ಪುಸ್ತಕದಲ್ಲಿ ಅವಳನ್ನು ‘ಆನಾ ಓ’ ಎಂಬ ಮರೆಹೆಸರಿನಿಂದ ಲೋಕಕ್ಕೆ ಪರಿಚಯಿಸಿದರು. ಅವಳ ನಿಜ ಹೆಸರು ಬೆರ್ತಾ ಪಾಪೆನ್‌ಹೈಮ್. ಪುಸ್ತಕ ಹೇಳುವಷ್ಟು ಬೇಗ ಅವಳು ಗುಣವಾಗಲಿಲ್ಲ, ಮುಂದೆ ಆರೋಗ್ಯಧಾಮಗಳಲ್ಲಿ ಇರಬೇಕಾಯಿತು. ಆದರೆ ಕೊನೆಗೆ ಎದ್ದು ನಿಂತು, ಜರ್ಮನಿಯ ಯಹೂದಿ ಮಹಿಳೆಯರ ಸಂಘಟನೆಯನ್ನು ಕಟ್ಟಿದ ದೊಡ್ಡ ಸಮಾಜಸೇವಕಿಯಾದಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದು. ತಾಯ್ನುಡಿಯಲ್ಲಿ ಹೇಳಲಾಗದ್ದನ್ನು ಕಲಿತ ನುಡಿಯಲ್ಲಿ ಹೇಳಿದವಳಿಂದಲೇ ಈ ಪದ್ಧತಿ ಶುರುವಾಯಿತು. ಹೊರನಾಡಿನಲ್ಲಿ ಬದುಕುವ ನಮ್ಮಂಥವರಿಗೆ ಇದು ತೀರ ಪರಿಚಿತವಾದ ಸ್ಥಿತಿ.

ಭಾರತಕ್ಕೆ ಅದನ್ನು ತಂದವರು ಯಾವ ಯುರೋಪಿಯನ್ನರೂ ಅಲ್ಲ. 1887ರಲ್ಲಿ ಹುಟ್ಟಿದ, ಕಲ್ಕತ್ತೆಯಲ್ಲಿ ವೈದ್ಯರಾಗಿದ್ದ ಗಿರೀಂದ್ರಶೇಖರ ಬೋಸ್ ಫ್ರಾಯ್ಡನ ಬರಹಗಳು ಇಂಗ್ಲಿಷಿನಲ್ಲಿ ಇನ್ನೂ ಪೂರ್ತಿ ದೊರೆಯದ ಕಾಲದಲ್ಲಿಯೇ, ಬಹುಮಟ್ಟಿಗೆ ತಮ್ಮದೇ ದಾರಿಯಲ್ಲಿ, ಮನಸ್ಸಿನ ದಮನ ಕುರಿತು ಯೋಚಿಸತೊಡಗಿದ್ದರು. ಆ ವಿಷಯದ ತಮ್ಮ ಪ್ರಬಂಧವನ್ನು ಅವರು ವಿಯೆನ್ನಾಕ್ಕೆ ಕಳಿಸಿದಾಗ ಫ್ರಾಯ್ಡನಿಗೆ ಆಶ್ಚರ್ಯವೂ ಸಂತೋಷವೂ ಆಯಿತು. 1922ರ ಜನವರಿಯಲ್ಲಿ ಪಾರ್ಸಿಬಗಾನ್ ಲೇನಿನ ಅವರ ಮನೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಆರಂಭವಾಯಿತು. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಪತ್ರಗಳು ಮಾತ್ರ ಹಲವು ವರ್ಷ ಹೋಗಿಬಂದವು. ಫ್ರಾಯ್ಡನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಕಲ್ಕತ್ತೆಯ ಸಂಘ ದಂತದಲ್ಲಿ ಕಡೆದ ವಿಷ್ಣುವಿನ ಮೂರ್ತಿಯನ್ನು ಕಳಿಸಿತು. ಅದು ಇಂದಿಗೂ ಲಂಡನ್ನಿನ ಫ್ರಾಯ್ಡ್ ಮನೆಯ ವಸ್ತುಸಂಗ್ರಹದಲ್ಲಿದೆ. ಬೋಸರು ಶಿಷ್ಯನಂತೆ ತಲೆಬಾಗಿದವರಲ್ಲ. ತಮ್ಮ ಭಾರತೀಯ ರೋಗಿಗಳಲ್ಲಿ ಕಾಣುವ ಭಯಗಳೂ ಬಯಕೆಗಳೂ ಯುರೋಪಿನ ರೋಗಿಗಳದರಂತೆ ಇಲ್ಲ, ಗಂಡಸಿನೊಳಗೆ ಹೆಣ್ಣಾಗುವ ಆಸೆ ಇಲ್ಲಿ ಸುಲಭವಾಗಿ ಮೇಲೆ ಬರುತ್ತದೆ ಎಂದು 1929ರ ಸುಮಾರಿಗೆ ನೇರವಾಗಿಯೇ ಬರೆದರು. ಫ್ರಾಯ್ಡ್ ವಿನಯದಿಂದ ಓದಿದ, ಒಪ್ಪಲಿಲ್ಲ. ತೊಟ್ಟಿಲಲ್ಲಿ ಕೇಳಿದ ಭಾಷೆಯಲ್ಲೇ ರೋಗಿಗಳ ಮಾತು ಕೇಳಿದ್ದರಿಂದ ಬೋಸರಿಗೆ ಆ ವ್ಯತ್ಯಾಸ ಕೇಳಿಸಿತು ಎಂಬುದು ನನ್ನ ಊಹೆ.

ಮುಂಬಯಿಯ ಕಥೆ ಬೇರೆ ಹಾದಿಯದು. ಇಲ್ಲಿ ಮನಸ್ಸಿನ ಕಾಯಿಲೆ ಎಂದರೆ ಬಹುಕಾಲ ಒಂದೇ ಅರ್ಥವಿತ್ತು: ಬೀಗ ಹಾಕುವುದು. 1901ರಲ್ಲಿ ಶುರುವಾದ ಠಾಣೆಯ ಆಸ್ಪತ್ರೆಯ ಹೆಸರು ಮರಾಠಿ ಮನೆಗಳಲ್ಲಿ ಬೈಗುಳಕ್ಕೆ ಒದಗಿತು, ನಮ್ಮಲ್ಲಿ ‘ಧಾರವಾಡಕ್ಕೆ ಕಳಿಸಬೇಕು’ ಎನ್ನುವ ಹಾಗೆ. ಧಾರವಾಡದ ಆಸ್ಪತ್ರೆ 1845ರಷ್ಟು ಹಳೆಯದು. ಅದೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತೆಂಬುದನ್ನು ನೆನೆದರೆ, ನಮ್ಮ ಎರಡು ಊರುಗಳ ಹುಚ್ಚಿನ ಇತಿಹಾಸಕ್ಕೆ ಒಂದೇ ಸರಕಾರದ ಮೊಹರು ಬಿದ್ದಿದೆ. ಮಾತಾಡಿಸಿ ನೋಡೋಣ ಎಂಬ ಯೋಚನೆ ಮುಂಬಯಿಗೆ ಬಂದದ್ದು ಮಕ್ಕಳ ಮೂಲಕ. 1936ರಲ್ಲಿ ನಾಗಪಾಡಾದಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ, ಅಂದರೆ ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ, ಮರುವರ್ಷವೇ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ಕೊಂದನ್ನು ತೆರೆಯಿತು. ದೇಶದಲ್ಲಿ ಅದು ಮೊದಲನೆಯದು. ಅದರೊಡನೆ ಹೆಸರು ಬೆಸೆದುಕೊಂಡ ಡಾ. ಕೆ. ಆರ್. ಮಸಾನಿ 1938ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಹೊರರೋಗಿ ವಿಭಾಗ ಶುರುಮಾಡಿದರು. ಬೀಗವಿಲ್ಲದ ಬಾಗಿಲು, ಬಂದು ಹೇಳಿಕೊಂಡು ಮನೆಗೆ ಹೋಗಬಹುದು. ಕಲ್ಕತ್ತೆಯಲ್ಲಿ ಬೋಸರು ಐದು ವರ್ಷ ಮೊದಲೇ ಕಾರ್ಮೈಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಇದನ್ನು ಮಾಡಿದ್ದರು. ಇಂದು ಸಾಧಾರಣವೆನಿಸುವ ಈ ಏರ್ಪಾಡು ಎಷ್ಟು ದೊಡ್ಡ ತಿರುವು ಎಂಬುದು, ಬೀಗದ ಕಾಲವನ್ನು ಕಂಡ ಕುಟುಂಬಗಳಿಗೆ ಗೊತ್ತು.

ಅದೇ 1938ರಲ್ಲಿ ಹಡಗಿನಿಂದ ಒಬ್ಬ ಇಟಾಲಿಯನ್ ಇಳಿದ. ಎಮಿಲಿಯೊ ಸೆರ್ವಾಡಿಯೊ ಜಿನೋವಾದವನು, ಇಟಲಿಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದವರಲ್ಲಿ ಒಬ್ಬ. ಮುಸೊಲಿನಿಯ ಸರಕಾರ ಯಹೂದಿಗಳ ವಿರುದ್ಧ ಜನಾಂಗ ಕಾನೂನು ತಂದಾಗ ದೇಶ ಬಿಟ್ಟು ಮುಂಬಯಿಗೆ ಬಂದ, ಯುದ್ಧ ಮುಗಿಯುವವರೆಗೂ ಭಾರತದಲ್ಲಿದ್ದ. ಅವನ ಒಡನಾಟದಿಂದ, ಎಂ. ವಿ. ಅಮೃತ್ ಮೊದಲಾದವರ ಆಸಕ್ತಿಯಿಂದ, 1940ರ ದಶಕದಲ್ಲಿ ಕಲ್ಕತ್ತೆಯ ಸಂಘಕ್ಕೆ ಮುಂಬಯಿಯ ಶಾಖೆಯೊಂದು ರೂಪುಗೊಂಡಿತು. ಚಿತ್ರವನ್ನು ಕಲ್ಪಿಸಿಕೊಳ್ಳಿ: ತನ್ನ ನಾಡಿನಿಂದ ಹೊರದೂಡಲ್ಪಟ್ಟವನು, ತನ್ನದಲ್ಲದ ಇಂಗ್ಲಿಷಿನಲ್ಲಿ, ಗುಜರಾತಿಯಲ್ಲೋ ಮರಾಠಿಯಲ್ಲೋ ಕನಸು ಕಾಣುವವರ ಕನಸುಗಳನ್ನು ಕೇಳುತ್ತಿರಬೇಕು. ಕಲ್ಕತ್ತೆಯಲ್ಲಿ ಈ ವಿದ್ಯೆ ನೆಲದ ಭಾಷೆಯಲ್ಲಿ ಬೇರುಬಿಟ್ಟರೆ ಮುಂಬಯಿಯಲ್ಲಿ ಅದು ಮೊದಲಿನಿಂದಲೂ ಅನುವಾದದ ವಿದ್ಯೆ. ಈ ಊರೇ ಹಾಗೆ.

ಸ್ವಾತಂತ್ರ್ಯದ ನಂತರ ದಾದರಿಗೆ ಕೂಗಳತೆಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಎನ್. ಎಸ್. ವಾಹಿಯಾ ಮನೋವೈದ್ಯ ವಿಭಾಗವನ್ನು ಬೆಳೆಸಿದರು. ಗಿರಣಿಗಳ ನಡುವಿನ ಆ ಆಸ್ಪತ್ರೆಗೆ ಬರುತ್ತಿದ್ದ ಕಾರ್ಮಿಕರನ್ನು ವಾರಕ್ಕೆ ಐದು ದಿನ ಮಂಚದ ಮೇಲೆ ಮಲಗಿಸಿ ಬಾಲ್ಯವನ್ನು ಕೇಳುತ್ತ ಕೂರುವುದು ಆಗದ ಮಾತು ಎಂಬುದು ಯಾರಿಗೂ ಹೊಳೆಯುವಂಥದು. ವಾಹಿಯಾ ಅವರು ಪತಂಜಲಿಯ ಯೋಗವನ್ನು ಆಧರಿಸಿದ ಚಿಕಿತ್ಸಾಕ್ರಮವೊಂದನ್ನು ರೂಪಿಸಿ 1970ರ ದಶಕದಲ್ಲಿ ಅಮೆರಿಕದ ಪತ್ರಿಕೆಗಳಲ್ಲಿಯೂ ಬರೆದರು. ಅದೇ ಹೊತ್ತಿಗೆ ಜೆ. ಎಸ್. ನೇಕಿ ಎಂಬ ಪಂಜಾಬಿನ ಮನೋವೈದ್ಯ, ಕವಿ, ಭಾರತೀಯ ರೋಗಿ ವೈದ್ಯನನ್ನು ಗುರುವಿನಂತೆ ಕಾಣುತ್ತಾನೆ, ಆ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಏಕೆ ಬಳಸಬಾರದು ಎಂದು ಕೇಳಿದರು. ಇಬ್ಬರ ಕಾಳಜಿಯೂ ಪ್ರಾಮಾಣಿಕ. ಆದರೂ ನನಗೆ ಒಂದು ಅನುಮಾನ ಉಳಿದಿದೆ. ಗುರುವಿನ ಮುಂದೆ ನಾವು ಒಳ್ಳೆಯವರಾಗಿ ಕೂರುತ್ತೇವೆ. ಕೋಪ, ಹೊಟ್ಟೆಕಿಚ್ಚು, ಅಪ್ಪನ ಸಾವಿನಲ್ಲಿ ಕ್ಷಣಮಾತ್ರ ಹಾದುಹೋದ ನಿರಾಳ, ಇವು ಗುರುವಿಗೆ ಒಪ್ಪಿಸುವ ಸಾಮಗ್ರಿಗಳಲ್ಲ.

ಈ ಜಾಗದಲ್ಲಿ ಅಲನ್ ರೋಲಂಡ್ ಎಂಬ ನ್ಯೂಯಾರ್ಕಿನ ಮನೋವಿಶ್ಲೇಷಕನನ್ನು ನೆನೆಯಬೇಕು. 1970ರ ದಶಕದ ಕೊನೆಯಲ್ಲಿ ಮುಂಬಯಿ ಮೊದಲಾದ ಕಡೆ ಕೆಲಸ ಮಾಡಿ, 1988ರಲ್ಲಿ ಭಾರತ ಮತ್ತು ಜಪಾನುಗಳ ‘ಸ್ವ’ವನ್ನು ಕುರಿತು ಪುಸ್ತಕ ಪ್ರಕಟಿಸಿದ. ಇಲ್ಲಿನವರ ‘ನಾನು’ ಎಂಬುದು ಅಮೆರಿಕದವರದರಂತೆ ಒಂಟಿ ಕಂಬವಲ್ಲ, ಕುಟುಂಬದ ಚಪ್ಪರಕ್ಕೆ ಕಟ್ಟಿದ ಗಳು ಎಂಬರ್ಥದ ಮಾತು ಅವನದು. ಅದಕ್ಕೆ ಕೌಟುಂಬಿಕ ಸ್ವ ಎಂದು ಕರೆದ. ಇದನ್ನು ಅನೇಕರು ಹೇಳಿದ್ದಾರೆ. ರೋಲಂಡನ ವಿಶೇಷ ಎಂದರೆ, ಆ ಚಪ್ಪರದಡಿಯಲ್ಲಿ ಹಿರಿಯರಿಗೆ ತಗ್ಗಿ ನಡೆಯುವ ಇದೇ ಜನ ಒಳಗೆ ಯಾರಿಗೂ ತೋರಿಸದ, ಅತ್ಯಂತ ಗುಟ್ಟಿನ ಒಂದು ಲೋಕವನ್ನೂ ಸಾಕಿಕೊಂಡಿರುತ್ತಾರೆ, ಕೇಳುವವರ ಮೇಲೆ ನಂಬಿಕೆ ಹುಟ್ಟಿದರೆ ಅದು ಬೆರಗುಪಡಿಸುವಷ್ಟು ಸರಾಗವಾಗಿ ತೆರೆದುಕೊಳ್ಳುತ್ತದೆ ಎಂದು ಕಂಡದ್ದು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾವೆಲ್ಲ ಅಟ್ಟದ ಮೇಲೆ ಒಂದು ಡಬ್ಬಿ ಬಚ್ಚಿಟ್ಟವರೇ.

ಇಷ್ಟರಲ್ಲಿ ಕನ್ನಡ ಏನು ಮಾಡುತ್ತಿತ್ತು? ಸುಮ್ಮನಿರಲಿಲ್ಲ. ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ, ನಮ್ಮ ‘ರಾಶಿ’, 1942ರಲ್ಲಿ ಹಾಸ್ಯಪತ್ರಿಕೆಯೊಂದನ್ನು ಆರಂಭಿಸಿ ಅದಕ್ಕೆ ‘ಕೊರವಂಜಿ’ ಎಂದು ಹೆಸರಿಟ್ಟರು. ಮುಂದೆ ಮುಂಬಯಿಯ ಆಸ್ತಿಯಾದ ಆರ್. ಕೆ. ಲಕ್ಷ್ಮಣ್ ಮೊದಮೊದಲು ಗೆರೆ ಎಳೆದ ಪತ್ರಿಕೆಗಳಲ್ಲಿ ಅದೊಂದು. ಕೊರವಂಜಿ ಎಂದರೆ ಕೈ ಹಿಡಿದು ನೋಡಿ ಮನಸ್ಸಿನಲ್ಲಿದ್ದುದನ್ನು ಹೇಳುವವಳು. ಅದೇ ಶಿವರಾಂ ಮನಸ್ಸಿನ ವ್ಯಾಪಾರಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕಥೆ ಕಾವ್ಯಗಳಿಗೆ ಸಲ್ಲುವುದೇ ಹೆಚ್ಚಾದ ಆ ಗೌರವ ಮನಶ್ಶಾಸ್ತ್ರದ ಕನ್ನಡ ಪುಸ್ತಕವೊಂದಕ್ಕೆ ಸಂದದ್ದು ಸಣ್ಣ ಸಂಗತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪ ತಾಳಿತು, ಅಲ್ಲಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನೋರೋಗಗಳನ್ನು ಸರಳ ಕನ್ನಡದಲ್ಲಿ ಮನೆಮನೆಗೆ ತಲುಪಿಸಿದರು.

ಮುಂಬಯಿಯ ಕನ್ನಡವಂತೂ ಚಿಕಿತ್ಸಾಲಯವಿಲ್ಲದೆಯೇ ಆತ್ಮಶೋಧದ ಒಂದು ದೊಡ್ಡ ಗ್ರಂಥವನ್ನು ಕೊಟ್ಟಿತು. ಹನೇಹಳ್ಳಿಯಿಂದ ಬಂದು ಬಾಂದ್ರಾದ ಕಡಲಂಚಿನಲ್ಲಿ ನೆಲೆಸಿದ, ಪಾಲಿಮರ್ ವಿಜ್ಞಾನಿಯಾಗಿದ್ದ ಯಶವಂತ ಚಿತ್ತಾಲರ ‘ಶಿಕಾರಿ’ 1979ರದು. ಕಂಪನಿಯ ಒಳಸಂಚಿನಲ್ಲಿ ಸಿಕ್ಕಿಬಿದ್ದ ನಾಗಪ್ಪ, ತನ್ನನ್ನು ಬೇಟೆಯಾಡುತ್ತಿರುವವರು ಯಾರೆಂದು ಹುಡುಕಹೊರಟು, ಹುಡುಕಾಟ ತನ್ನದೇ ಭೂತಕಾಲದ ಕಡೆಗೆ ತಿರುಗುವುದನ್ನು ಕಾಣುತ್ತಾನೆ. ಹೊರಗಿನ ಶತ್ರು ನಿಜ. ಆದರೆ ಅವನೆದುರು ತಾನು ಇಷ್ಟು ಬೇಗ ಕುಸಿಯುವುದೇಕೆ ಎಂಬ ಪ್ರಶ್ನೆ ಇನ್ನೂ ನಿಜ. ಸೈಕೋಡೈನಮಿಕ್ ಥೆರಪಿ ಎಂದು ಇಂದು ಕರೆಯುವ ಪದ್ಧತಿಯ ತಿರುಳೂ ಇದೇ ಪ್ರಶ್ನೆ. ಅದನ್ನು ತಿಳಿಯಲು ಪಠ್ಯಪುಸ್ತಕ ಓದುವುದಕ್ಕಿಂತ ‘ಶಿಕಾರಿ’ಯನ್ನು ಇನ್ನೊಮ್ಮೆ ಓದುವುದು ಲೇಸು ಎಂದು ನಾನು ಮಿತ್ರರಿಗೆ ಹೇಳುವುದುಂಟು.

ಈ ಹೆಸರಿನ ಬಗ್ಗೆ ಎರಡು ಮಾತು. ಫ್ರಾಯ್ಡನ ಮಂಚ, ವಾರಕ್ಕೆ ನಾಲ್ಕೈದು ಭೇಟಿ, ವರ್ಷಗಟ್ಟಲೆ ಕಾಲ, ಇದು ಮನೋವಿಶ್ಲೇಷಣೆ. ಅದರ ಸಂತಾನವಾದ ಸೈಕೋಡೈನಮಿಕ್ ಥೆರಪಿಯಲ್ಲಿ ಇಬ್ಬರೂ ಕುರ್ಚಿಯ ಮೇಲೆ ಎದುರುಬದುರು ಕೂರುತ್ತಾರೆ. ವಾರಕ್ಕೊಮ್ಮೆ ಅಥವಾ ಎರಡು ಸಲ, ಸುಮಾರು ಐವತ್ತು ನಿಮಿಷ. ತಿಳಿದೂ ತಿಳಿಯದಂತೆ ನಾವು ಹಳೆಯ ಸಂಬಂಧಗಳ ಅಚ್ಚನ್ನೇ ಹೊಸ ಸಂಬಂಧಗಳ ಮೇಲೆ ಒತ್ತುತ್ತೇವೆ, ನೋವು ಕೊಡುವುದನ್ನು ಮನಸ್ಸು ಹಲವು ಉಪಾಯಗಳಿಂದ ಕಣ್ಮರೆ ಮಾಡುತ್ತದೆ, ಕಣ್ಮರೆಯಾದದ್ದು ಬೇರೆ ವೇಷದಲ್ಲಿ ಮರಳುತ್ತದೆ ಎಂಬುದು ಅದರ ನಂಬಿಕೆ. ಎದುರಿಗೆ ಕುಳಿತವರು ಸಲಹೆ ಕೊಡುವುದಿಲ್ಲ. ಮೊದಲ ತಿಂಗಳುಗಳಲ್ಲಿ ಇದು ನನಗೆ ಮೋಸವೆಂದೇ ತೋರಿತ್ತು. ದುಡ್ಡು ಕೊಟ್ಟು ಮೌನವನ್ನು ಕೊಳ್ಳುವುದು ಯಾವ ವ್ಯವಹಾರ?

ಒಂದು ಗುರುವಾರ, ಮೇ ತಿಂಗಳ ಸೆಕೆಯಲ್ಲಿ, ಆಕೆ ಕೇಳಿದರು: “ಇಷ್ಟು ದಿನದಲ್ಲಿ ನೀವು ಒಮ್ಮೆಯೂ ಫ್ಯಾನು ಜೋರು ಮಾಡಿ ಎಂದು ಹೇಳಿಲ್ಲ, ಗಮನಿಸಿದ್ದೀರಾ?” ನಾನು ಗಮನಿಸಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಕುರ್ಚಿಯ ತುದಿಯಲ್ಲಿ ಕೂರುವುದು, ನೀರು ಕುಡಿದ ಲೋಟವನ್ನು ಮೂಲೆಯ ಬೇಸಿನ್ನಿನಲ್ಲಿ ತೊಳೆದಿಡುವುದು, ಐದು ನಿಮಿಷ ಮೊದಲೇ ಎದ್ದುನಿಲ್ಲುವುದು, ಇವೆಲ್ಲ ಸೌಜನ್ಯವೆಂದು ತಿಳಿದಿದ್ದೆ. ಆಮೇಲಿನ ವಾರಗಳಲ್ಲಿ ನಿಧಾನವಾಗಿ ಮೇಲೆ ಬಂದದ್ದು ಹತ್ತನೆಯ ವಯಸ್ಸು. ಓದಲೆಂದು ನನ್ನನ್ನು ಕುಮಟೆಯ ಕಡೆಯ ಹಳ್ಳಿಯಿಂದ ಮುಂಬಯಿಯ ಚಿಕ್ಕಪ್ಪನ ಮನೆಗೆ ಕಳಿಸಿದ್ದರು. ಒಂದೂವರೆ ಕೋಣೆಯಲ್ಲಿ ಏಳು ಜನ. ಅವರು ಒಳ್ಳೆಯವರು, ಒಂದು ದಿನವೂ ಕಡಿಮೆ ಬಡಿಸಲಿಲ್ಲ. ಆದರೆ ಅನ್ಯರ ಮನೆಯಲ್ಲಿ ಜಾಗ ತಿನ್ನದೆ ಇರುವುದು ಹೇಗೆ ಎಂಬುದನ್ನು ನಾನು ಆ ಮನೆಯಲ್ಲಿ ಎಷ್ಟು ಚೆನ್ನಾಗಿ ಕಲಿತೆನೆಂದರೆ, ನಲವತ್ತು ವರ್ಷಗಳ ನಂತರ, ದುಡ್ಡು ಕೊಟ್ಟು ಹಿಡಿದ ಐವತ್ತು ನಿಮಿಷಗಳಲ್ಲಿಯೂ ಅತಿಥಿಯಾಗಿಯೇ ಕೂರುತ್ತಿದ್ದೆ. ಶಾಸ್ತ್ರ ಇದನ್ನು ಭಾವವರ್ಗಾವಣೆ ಎನ್ನುತ್ತದೆ. ಹಳೆಯ ಮನೆ ಹೊಸ ಕೋಣೆಯೊಳಗೆ ಬಂದು ಕೂರುವುದು ಎಂದರೆ ಸಾಕು. ಅದು ಬರಿಯ ನೆನಪಾಗಿ ಬರುವುದಿಲ್ಲ. ಇಬ್ಬರ ನಡುವೆ, ಆ ಕ್ಷಣ, ಫ್ಯಾನಿನ ರೂಪದಲ್ಲಿ ನಡೆಯುತ್ತಿರುತ್ತದೆ. ನಡೆಯುತ್ತಿರುವಾಗಲೇ ಹಿಡಿದು ತೋರಿಸಬಹುದು ಎಂಬುದೇ ಈ ಪದ್ಧತಿಯ ಬಲ. ಸ್ನೇಹಿತರು ಕಿವಿಗೊಟ್ಟು ಕೇಳುತ್ತಾರೆ, ಆದರೆ ಅವರ ಮನೆಯಲ್ಲಿ ನಾವು ಲೋಟ ತೊಳೆದಿಟ್ಟರೆ ಮೆಚ್ಚಿಕೊಳ್ಳುತ್ತಾರೆ.

ಮುಂಬಯಿಯ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಇಂಥ ಮಗುವೊಂದು ಇದೆ. ಹತ್ತು ಹನ್ನೆರಡರ ಪ್ರಾಯದಲ್ಲಿ ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಓದಿ, ಅದೇ ಬೆಂಚಿನ ಮೇಲೆ ಮಲಗಿ ಮೇಲೆ ಬಂದವರ ಕಥೆಗಳನ್ನು ನಾವು ಸಂಘಗಳ ವೇದಿಕೆಗಳಲ್ಲಿ ಹಾರ ಹಾಕಿ ಕೇಳಿದ್ದೇವೆ. ಅವೆಲ್ಲ ಸಾಧನೆಯ ಕಥೆಗಳು, ನಿಜವೂ ಹೌದು. ಮೊದಲ ರಾತ್ರಿ ಆ ಹುಡುಗ ಬೆಂಚಿನ ಮೇಲೆ ಏನು ಮಾಡಿದ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ‘ಹೊಟ್ಟೆಗೆ ಹಾಕಿಕೋ’ ಎನ್ನುತ್ತೇವೆ ನಾವು, ಕ್ಷಮಿಸು ಎಂಬ ಅರ್ಥದಲ್ಲಿ. ನೋವನ್ನು ನುಂಗುವುದೂ ಕ್ಷಮಿಸುವುದೂ ಒಂದೇ ಪದವಾಗಿರುವ ಭಾಷೆಯಲ್ಲಿ, ಹೊಟ್ಟೆಗೆ ಹೋದದ್ದು ಅಲ್ಲಿ ಏನಾಯಿತು ಎಂದು ವಿಚಾರಿಸುವ ಪದ್ಧತಿಯಿಲ್ಲ.

ಪದ್ಧತಿಯಿಲ್ಲ ಎಂದೆನೆ? ಕಥೆಯಿದೆ. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಹೇಳಿ, ಷಿಕಾಗೋದಲ್ಲಿ ನೆಲೆಸಿದ ಎ. ಕೆ. ರಾಮಾನುಜನ್ ಮನೋವಿಶ್ಲೇಷಣೆಯನ್ನು ಗಂಭೀರವಾಗಿ ತೆಗೆದುಕೊಂಡು, ಅದಕ್ಕೆ ಕನ್ನಡದ ಹೆಂಗಸರ ಬಾಯಿಂದ ಉತ್ತರ ಹುಡುಕಿದವರು. ತಿಳಿಯದೆ ಮಗನನ್ನೇ ಮದುವೆಯಾಗುವ ತಾಯಿಯ ಕಥೆಯೊಂದನ್ನು ಅವರು ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದರು. 1983ರಲ್ಲಿ ಪ್ರಕಟವಾದ ಭಾರತದ ಈಡಿಪಸ್ ಕುರಿತ ಪ್ರಬಂಧದಲ್ಲಿ ಅವರು ತೋರಿಸಿದ್ದು ಇದು: ಗ್ರೀಕ್ ಕಥೆಯನ್ನು ಮಗನ ಕಣ್ಣಿನಿಂದ ನೋಡಿದರೆ ಕನ್ನಡದ ಕಥೆಯನ್ನು ತಾಯಿಯ ಕಣ್ಣಿನಿಂದ ನೋಡಬೇಕು, ನಮ್ಮ ಪುರಾಣಗಳಲ್ಲಿ ಮಗ ತಂದೆಯನ್ನು ಕೊಲ್ಲುವುದಕ್ಕಿಂತ ತಂದೆಯ ಬಾಳಿಗಾಗಿ ಮಗ ತೆರುವುದೇ ಹೆಚ್ಚು. ಯಯಾತಿಯ ಮುಪ್ಪನ್ನು ಹೊತ್ತ ಪೂರುವನ್ನು ನೆನೆಯಿರಿ, ಭೀಷ್ಮನನ್ನು ನೆನೆಯಿರಿ. ಬೋಸರು ಕಲ್ಕತ್ತೆಯಿಂದ ಫ್ರಾಯ್ಡನಿಗೆ ಹೇಳಲು ಯತ್ನಿಸಿದ ‘ನಮ್ಮದು ಬೇರೆ’ ಎಂಬ ಮಾತಿಗೆ ಅರ್ಧ ಶತಮಾನದ ಮೇಲೆ ಕನ್ನಡದ ಅಜ್ಜಿಯೊಬ್ಬಳು ಸಾಕ್ಷಿ ನುಡಿದಂತಾಯಿತು.

ಅವರು ಸಂಗ್ರಹಿಸಿದ ಇನ್ನೊಂದು ಕನ್ನಡ ಕಥೆ ನನಗೆ ಇದಕ್ಕಿಂತ ಹತ್ತಿರದ್ದು. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು; ಕಥೆ ಬಾಗಿಲಲ್ಲಿ ಗಂಡಸಿನ ಜೋಡಾಗಿ, ಹಾಡು ಗೂಟದಲ್ಲಿ ಗಂಡಸಿನ ಅಂಗಿಯಾಗಿ ಕೂತವು. ಬಂದ ಗಂಡ ಯಾರು ಬಂದಿದ್ದರು ಎಂದು ಕೇಳಿದ, ಅವಳಿಗೆ ಗೊತ್ತಿಲ್ಲ. ಜಗಳವಾಯಿತು, ಅವನು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಕುಡಿಗಳು ಆ ಗುಡಿಯಲ್ಲಿ ಕೂಡಿ ಹರಟುತ್ತವಂತೆ. ತಡವಾಗಿ ಬಂದ ಕುಡಿಯೊಂದು ತನ್ನ ಮನೆಯ ಜಗಳದ ನಿಜ ಕಾರಣವನ್ನು ಉಳಿದವುಗಳಿಗೆ ಹೇಳಿತು. ಗಂಡ ಕೇಳಿಸಿಕೊಂಡ. ಬೆಳಗ್ಗೆ ಮನೆಗೆ ಬಂದು, ನಿನ್ನ ಕಥೆ ಯಾವುದು, ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದರೆ ಅವಳಿಗೆ ಮರೆತುಹೋಗಿತ್ತು.

ದಮನಕ್ಕೆ ಇದಕ್ಕಿಂತ ನಿಖರವಾದ ವಿವರಣೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಹೇಳದೆ ಇಟ್ಟದ್ದು ಸಾಯುವುದಿಲ್ಲ, ಗುರುತು ಸಿಗದ ವಸ್ತುವಾಗಿ ಹೊಸ್ತಿಲಲ್ಲಿ ಕೂರುತ್ತದೆ. ನಿಜ ತಿಳಿದಿರುವುದು ಆರಿಸಿದ ದೀಪಕ್ಕೆ. ಮತ್ತು, ಕಾರಣ ಗೊತ್ತಾದ ಕೂಡಲೇ ಎಲ್ಲ ಸರಿಹೋಗುವುದೂ ಇಲ್ಲ.

ಈ ಕೊನೆಯ ಮಾತನ್ನು ಮರೆಯಬಾರದು. ಸೈಕೋಡೈನಮಿಕ್ ಥೆರಪಿಯ ಮೇಲೆ ಟೀಕೆಗಳಿವೆ, ಅನೇಕವು ನ್ಯಾಯವಾದವು. ಕಾಲ ಹೆಚ್ಚು, ಖರ್ಚು ಹೆಚ್ಚು. ತೀವ್ರವಾದ ಮನೋರೋಗಗಳಲ್ಲಿ ಔಷಧಿಯೇ ಮೊದಲು ಬೇಕು. ಅದು ಕೆಲಸ ಮಾಡ��ತ್ತದೆಂಬುದಕ್ಕೆ ಪುರಾವೆಯೇ ಇಲ್ಲ ಎಂಬ ಆಕ್ಷೇಪಕ್ಕೆ ಅಮೆರಿಕದ ಜೋನಾಥನ್ ಶೆಡ್ಲರ್ 2010ರಲ್ಲಿ ಆವರೆಗಿನ ಸಂಶೋಧನೆಗಳನ್ನು ಕಲೆಹಾಕಿ ಉತ್ತರಿಸಿದ; ಇತರ ಚಿಕಿತ್ಸೆಗಳಷ್ಟೇ ಫಲ ಇದರಲ್ಲಿಯೂ ಇದೆ, ಚಿಕಿತ್ಸೆ ಮುಗಿದ ಮೇಲೂ ಆ ಫಲ ಬೆಳೆಯುತ್ತಿರುತ್ತದೆ ಎಂಬುದು ಅವನ ವಾದ. ಎಲ್ಲರೂ ಒಪ್ಪಿಲ್ಲ. ನನ್ನ ಲಿಫ್ಟಿನ ಉಸಿರುಗಟ್ಟುವಿಕೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬದಲಾದದ್ದು ಬೇರೆ: ಅದು ಬಂದಾಗ ಯಾವ ಮನೆಯಿಂದ ಬಂದಿದೆ ಎಂದು ಕೇಳಬಲ್ಲೆ. ‘ತನ್ನ ತಾನರಿಯುವುದು’ ಎಂಬುದು ನಮ್ಮಲ್ಲಿ ದೊಡ್ಡ ಮಾತು. ಶರಣರೂ ದಾಸರೂ ಅದನ್ನು ನಾನೆಂಬುದನ್ನು ದಾಟುವ ದಾರಿಯಾಗಿ ಕಂಡರು. ದಾದರಿನ ಕೋಣೆಯ ಅರಿವು ಅಷ್ಟು ಎತ್ತರದ್ದಲ್ಲ. ಯಾವ ವರ್ಷ, ಯಾವ ಕೋಣೆ, ಯಾರು ಬಾಗಿಲಲ್ಲಿ ನಿಂತಿದ್ದರು ಎಂಬಷ್ಟೇ ಅದರ ವ್ಯಾಪ್ತಿ.

ಮತ್ತೆ ಭಾಷೆಗೆ ಬರುತ್ತೇನೆ. ನನ್ನ ಚಿಕಿತ್ಸಕಿ ಮರಾಠಿಯವರು. ಮೊದಲ ಒಂದು ವರ್ಷ ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಅಪ್ಪನ ಸಾವನ್ನು ನಾನು ವರದಿಯಂತೆ ಒಪ್ಪಿಸಿದ್ದೆ. ವಾಕ್ಯಗಳು ಇಸ್ತ್ರಿ ಹಾಕಿದಂತಿದ್ದವು. ರಾಲ್ಫ್ ಗ್ರೀನ್ಸನ್ ಎಂಬ ವಿಶ್ಲೇಷಕ 1950ರಲ್ಲಿಯೇ ತಾಯ್ನುಡಿ ಮತ್ತು ತಾಯಿ ಎಂಬ ಪ್ರಬಂಧ ಬರೆದು, ಜರ್ಮನ್ ತಾಯ್ನುಡಿಯ ತನ್ನ ರೋಗಿಯೊಬ್ಬಳು ಇಂಗ್ಲಿಷಿನಲ್ಲಿ ಒಬ್ಬಳು, ಜರ್ಮನಿನಲ್ಲಿ ಇನ್ನೊಬ್ಬಳೇ ಆಗುವುದನ್ನು ದಾಖಲಿಸಿದ್ದಾನೆ. ಅದನ್ನು ಓದುವ ಮೊದಲೇ ನನಗೆ ಅದರ ಅನುಭವವಾಯಿತು. ಹತ್ತನೆಯ ವಯಸ್ಸಿನ ಆ ಬೆಳಗಿನ ಬಗ್ಗೆ, ಬಸ್ಸು ಹೊರಡುವಾಗ ಕೈಬೀಸದೆ ಸುಮ್ಮನೆ ನಿಂತಿದ್ದವಳ ಬಗ್ಗೆ ಹೇಳುತ್ತಿದ್ದೆ. ‘ಮದರ್’ ಎಂದು ಶುರುವಾದ ವಾಕ್ಯದ ನಡುವೆ ಬಾಯಿಂದ ‘ಆಯಿ’ ಎಂದು ಬಂತು. ಉತ್ತರ ಕನ್ನಡದ ನಮ್ಮ ಮನೆಗಳಲ್ಲಿ ತಾಯಿಯನ್ನು ಕರೆಯುವುದು ಹಾಗೆ. ಎದುರಿನವರ ಮರಾಠಿಯಲ್ಲಿಯೂ ಅದೇ ಪದ. ಅವರು ತಮ್ಮ ಭಾಷೆಯಲ್ಲಿ ಕೇಳಿಸಿಕೊಂಡರೋ ನನ್ನದರಲ್ಲೋ ತಿಳಿಯದು, ನಾನು ಅಳುತ್ತಿದ್ದೆ. ಆಮೇಲಿಂದ ನಾನು ಬೇಕಾದಲ್ಲಿ ಕನ್ನಡದಲ್ಲಿಯೇ ಹೇಳುತ್ತೇನೆ, ಬಳಿಕ ಅದರ ಅರ್ಥವನ್ನು ಬಿಡಿಸುತ್ತೇನೆ. ‘ತಳಮಳ’ಕ್ಕೆ ಅವರ ಬಳಿಯೇ ಪದವಿತ್ತು. ‘ಬೇಗುದಿ’ಗೆ ಅರ್ಧ ಗಂಟೆ ಹಿಡಿಯಿತು, ಆ ಅರ್ಧ ಗಂಟೆ ವ್ಯರ್ಥವಾಗಲಿಲ್ಲ.

ಎಲ್ಲರಿಗೂ ಇಂಥ ಕಾಕತಾಳೀಯ ಒದಗುವುದಿಲ್ಲ. ಕನ್ನಡದಲ್ಲಿ ಕೇಳಬಲ್ಲವರು ಬೇಕೆಂದು ಹುಡುಕುವ ಮುಂಬಯಿಗರು ಈಗ ಬೆಂಗಳೂರಿನ, ಮೈಸೂರಿನ, ಮಂಗಳೂರಿನ ಚಿಕಿತ್ಸಕರೊಡನೆ ಫೋನಿನಲ್ಲಿಯೋ ಪರದೆಯ ಮೇಲೋ ಮಾತಾಡುತ್ತಾರೆ. ಕೋವಿಡ್ ಕಾಲದಿಂದ ಈ ರೂಢಿ ಬೆಳೆದಿದೆ. ಭಾಷೆ ಸಿಕ್ಕಿತು, ಕೋಣೆ ಸಿಗಬೇಕಲ್ಲ. ನನಗೆ ಪರಿಚಯದ ಒಬ್ಬಾಕೆ ಅತ್ತೆ, ಮಾವ, ಗಂಡ, ಇಬ್ಬರು ಮಕ್ಕಳೊಡನೆ ದಾದರಿನ ಎರಡು ಕೋಣೆಯ ಮನೆಯಲ್ಲಿದ್ದಾಳೆ. ಮಂಗಳವಾರ ಸಂಜೆ ತರಕಾರಿಯ ಚೀಲ ಹಿಡಿದು ಹೊರಟು ಫೈವ್ ಗಾರ್ಡನ್ಸಿನ ಬೆಂಚಿನ ಮೇಲೆ ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡು, ಐವತ್ತು ನಿಮಿಷ ಮೈಸೂರಿನವರೊಡನೆ ಮಾತಾಡಿ ಬರುತ್ತಾಳೆ. ಸುತ್ತ ವಾಕಿಂಗಿನವರು, ಕ್ರಿಕೆಟ್ಟಿನ ಹುಡುಗರು, ಪಾರ್ಸಿ ಅಜ್ಜಂದಿರು. ಅಷ್ಟು ಜನರ ನಡುವೆ ಹೇಗಮ್ಮ ಹೇಳಿಕೊಳ್ಳುತ್ತೀ ಎಂದು ಕೇಳಿದೆ.

“ಕನ್ನಡದಲ್ಲಿ ಹೇಳ್ತೀನಲ್ಲ, ಅದೇ ಬಾಗಿಲು ಹಾಕಿದ ಹಾಗೆ” ಎಂದಳು. ತುಸು ತಡೆದು, “ಆದ್ರೂ ಒಮ್ಮೆ ಸುತ್ತ ನೋಡ್ಕೊಂಡೇ ಶುರುಮಾಡೋದು. ಮಾಟುಂಗಾ ಪಕ್ಕದಲ್ಲೇ ಇದೆ ನೋಡಿ” ಎಂದು ನಕ್ಕಳು.